ಇಪ್ಪತ್ತೊಂದನೇ ಕಂಬ

ಬೈದಿದ್ದರೆ ಪಂಢರೀನಾಥ ಸಹಿಸಿಕೊಳ್ಳುತ್ತಿದ್ದ. ಕಾಶಪ್ಪ ಮಾಸ್ತರರು ಬೈಯಲಿಲ್ಲ, ಕನಿಕರಪಟ್ಟರು. ಅದೂ ತಲೆಯ ಮೇಲೆ ಕೈಯಿಟ್ಟು. ನಲವತ್ತು ದಾಟಿದ, ಬಜಾರಿನಲ್ಲಿ ಹಾದುಹೋದರೆ ಅಂಗಡಿಕಾರರು ಎದ್ದು ನಿಂತು ನಮಸ್ಕಾರ ಮಾಡುವ ಮನುಷ್ಯನಿಗೆ ಆ ಕೈ ಕೆಂಡ ಇಟ್ಟ ಹಾಗೆ ಸುಟ್ಟಿತು.

ಮುರಡಹಾಳ ಟೌನ್ ಪಂಚಾಯ್ತಿಗೆ ಅವನು ಹೆಡ್ ಕ್ಲಾರ್ಕು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ಬಸ್ಸು ಒಂದು ಬೀಡಿ ಸೇದುವಷ್ಟು ಹೊತ್ತು ನಿಂತು ಹೋಗುವ ಊರು ಅದು. ಅಲ್ಲಿನ ಜನನ, ಮರಣ, ನಳ, ಬೀದಿದೀಪ ಎಲ್ಲ ಅವನ ಮೇಜಿನ ಮೇಲೆಯೇ ಹಾಯ್ದು ಹೋಗಬೇಕು. ಸೆಕ್ರೆಟರಿ ನಿವೃತ್ತರಾಗಲು ಎರಡು ತಿಂಗಳಿತ್ತು. ಆ ಕುರ್ಚಿ ಪಂಢರೀನಾಥನಿಗೇ ಎಂದು ಊರಿಗೆಲ್ಲ ಗೊತ್ತಿತ್ತು. ಬಾಗಲಕೋಟೆಯ ದೊಡ್ಡ ಮನೆತನವೊಂದು ಅವನ ಮಗಳನ್ನು ನೋಡಿ, ಒಪ್ಪಿ, ತಾಂಬೂಲ ತೆಗೆದುಕೊಂಡು ಹೋಗಿದ್ದೂ ಆ ಕುರ್ಚಿಯ ಭರವಸೆಯ ಮೇಲೆಯೇ.

ಅಂಥ ಹೊತ್ತಿನಲ್ಲಿ, ದೀಪಾವಳಿ ಮುಗಿದ ವಾರ, ಕಾಶಪ್ಪ ಮಾಸ್ತರರು ಮನೆಗೆ ಬಂದರು. ಹೈಸ್ಕೂಲಿನ ಮೊದಲ ಹೆಡ್‌ಮಾಸ್ತರರು, ಈಗ ನಿವೃತ್ತರು, ಹೆಂಡತಿ ತೀರಿಕೊಂಡು ಒಬ್ಬರೇ ಇರುವವರು. ಪಂಢರೀನಾಥನ ಹೆಂಡತಿ ಪ್ರೇಮಾಬಾಯಿ ಚಹಾ ಕೊಟ್ಟು ಒಳಗೆ ಹೋದ ಮೇಲೆ ಅವರು ದನಿ ತಗ್ಗಿಸಿದರು.

"ಸಾಲಿಗೆ ಇಪ್ಪತ್ತೈದು ವರ್ಷ ತುಂಬತಾವ ಅಂತ ಒಂದು ಪುಸ್ತಕಾ ಬರಿಯಾಕ ಹೇಳ್ಯಾರೋ ಪಂಢರಿ. ಹಳೇ ರಿಜಿಸ್ಟರ್ ತಗದು ನೋಡಾಕತ್ತಿದ್ದೆ. ನೀ ಮ್ಯಾಟ್ರಿಕ್ ಪಾಸ ಆಗಿಲ್ಲಲ್ಲೋ ತಮ್ಮಾ."

ಪಂಢರೀನಾಥ ಚಹಾದ ಬಸಿಯನ್ನು ಕೆಳಗಿಟ್ಟ. ಒಂದು ಹನಿಯೂ ತುಳುಕಲಿಲ್ಲ. ಅದನ್ನು ಆಮೇಲೆ ನೆನೆಸಿಕೊಂಡು ಅವನಿಗೆ ತನ್ನ ಬಗ್ಗೆ ಹೆಮ್ಮೆಯೆನಿಸಿತು.

"ಯಾರ ಮುಂದೂ ನಾ ಬಾಯಿ ಬಿಟ್ಟಿಲ್ಲ," ಎಂದರು ಮಾಸ್ತರರು. "ಶಿವಯೋಗ ಮಂದಿರಕ್ಕ ಹೊಂಟೇನಿ, ಹದಿನೈದ ದಿನಾ ಅಲ್ಲೇ ಇರ್ತೇನಿ. ನಾ ಬರೂದ್ರಾಗ ನೀನಾಗೇ ಖರೇದು ಬರದು ಕೊಟ್ಟಬಿಡು. ಇಲ್ಲಂದ್ರ ನಾ ವಿಜಾಪುರಕ್ಕ ಹೋಗಿ ಕಲೆಕ್ಟರ್ ಸಾಹೇಬ್ರ ಮುಂದ ಹೇಳಬೇಕಾಗ್ತೈತಿ. ನನ್ನ ಶಿಷ್ಯ ನೀ. ನನಗ ಇದು ಸಂತೋಷದ ಕೆಲಸಲ್ಲೋ." ಹೋಗುವಾಗ ತಲೆಯ ಮೇಲೆ ಕೈಯಿಟ್ಟದ್ದು ಆಗಲೇ.

ಗಣಿತದಲ್ಲಿ ಹನ್ನೊಂದು ಅಂಕ ಕಡಿಮೆ ಬಿದ್ದಿತ್ತು, ಅಷ್ಟೆ. ಹುಬ್ಬಳ್ಳಿಯಲ್ಲಿದ್ದ ಸೋದರಮಾವ ಯಾರಿಂದಲೋ ಒಂದು ಸರ್ಟಿಫಿಕೀಟು ಮಾಡಿಸಿ ತಂದುಕೊಟ್ಟಿದ್ದ. ಆಮೇಲಿನ ಇಪ್ಪತ್ತೆರಡು ವರ್ಷ ಪಂಢರೀನಾಥ ಒಂದೇ ಒಂದು ತಪ್ಪು ಟಿಪ್ಪಣಿ ಬರೆದವನಲ್ಲ. ಸೆಕ್ರೆಟರಿಗಳು ಬಂದರು, ಹೋದರು. ಎಲ್ಲರೂ ಅವನ ಕರಡಿಗೆ ಸಹಿ ಹಾಕಿ ಹೆಸರು ಗಳಿಸಿದರು. ಹನ್ನೊಂದು ಅಂಕದ ಋಣವನ್ನು ತಾನು ಎಂದೋ ತೀರಿಸಿದ್ದೇನೆ ಎಂದು ಅವನು ಮನಸಾರೆ ನಂಬಿದ್ದ. ಈ ಮುದುಕ ಈಗ ಬಂದು ಮತ್ತೆ ಬೆಂಚಿನ ಮೇಲೆ ನಿಲ್ಲಿಸುತ್ತೇನೆ ಎನ್ನುತ್ತಾನೆ. ರಿಜಿಸ್ಟರಿನದು ಅವನಿಗೆ ಹೆದರಿಕೆಯಿರಲಿಲ್ಲ. ಅದು ಸಾಲಿಯ ಕಪಾಟಿಗೆ ವಾಪಸು ಹೋಗಿ ಗೆದ್ದಲಿಗೆ ಆಹಾರವಾಗುತ್ತದೆ. ಅದರಲ್ಲಿರುವುದು ಏನೆಂದು ಬಲ್ಲ ತಲೆ ಮಾತ್ರ ಊರಿನಲ್ಲಿ ಒಂದೇ ಇತ್ತು.

ಆ ತಲೆಯನ್ನು ಏನು ಮಾಡಬೇಕೆಂಬುದು ಅವನಿಗೆ ಮೊದಲು ಹೊಳೆದಿರಲಿಲ್ಲ. ಹೊಳೆಯಿಸಿದ್ದು ಸರ್ಕಾರ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದು ವಾರವಾಗಿತ್ತು. ಬಂದ ಸುತ್ತೋಲೆಯ ತಲೆಯಲ್ಲಿ ಮೈಸೂರು ಎಂದಿದ್ದುದನ್ನು ಹೊಡೆದು ಹಾಕಿ ಹೊಸ ಹೆಸರು ಒತ್ತಿದ್ದರು. ಆಣೆಕಟ್ಟುಗಳಲ್ಲಿ ನೀರಿಲ್ಲ, ವಿದ್ಯುತ್ತಿನ ಕೊರತೆ ತೀವ್ರವಾಗಿದೆ, ಆದ್ದರಿಂದ ಎಲ್ಲ ಊರುಗಳಲ್ಲೂ ಬೀದಿದೀಪಗಳನ್ನು ಒಂದು ಬಿಟ್ಟು ಒಂದು ಆರಿಸತಕ್ಕದ್ದು. ಪಂಢರೀನಾಥ ಅದನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಅವನ ಕಣ್ಣಿಗೆ ಕಂಡದ್ದು ಹಾಳುಬಾವಿ.

ನೇಕಾರ ಓಣಿ ಮುಗಿದ ಮೇಲೆ ಮಠಕ್ಕೆ ಹೋಗುವ ಬಂಡಿದಾರಿ ಇದೆ. ಆ ದಾರಿಯ ಎಡಕ್ಕೆ, ನಾಲ್ಕೇ ಹೆಜ್ಜೆಯಲ್ಲಿ, ಕಟ್ಟೆ ಕುಸಿದ ಹಳೆಯ ಬಾವಿ. ಮೂವತ್ತು ಅಡಿ ಆಳ, ತಳದಲ್ಲಿ ಒಂದಾಳು ನೀರು, ಅದರಲ್ಲಿ ಬಿದ್ದ ಕಟ್ಟೆಯ ಕಲ್ಲುಗಳು. ಬಾವಿಯ ಹಿಂದೆ ಜಾಲಿಕಂಟಿ ತುಂಬಿದ ಬಯಲು, ಯಾರ ಹೆಸರಿನಲ್ಲೂ ಇಲ್ಲದ್ದು. ಬಾವಿಯ ಪಕ್ಕಕ್ಕೆ ಒಂದು ದೀಪದ ಕಂಬ. ಕಾಶಪ್ಪ ಮಾಸ್ತರರು ಪ್ರತಿ ಸಂಜೆ ಮಠದಲ್ಲಿ ನಾಲ್ಕು ಮಂದಿ ವಯಸ್ಸಾದವರಿಗೆ ವಚನ ಓದಿ, ಅರ್ಥ ಹೇಳಿ, ಏಳೂಕಾಲಿಗೆ ಎದ್ದು ಅದೇ ದಾರಿಯಲ್ಲಿ ಒಬ್ಬರೇ ಮನೆಗೆ ಬರುತ್ತಿದ್ದರು. ಉಳಿದವರ ಮನೆ ಆಚೆ ಕಡೆ. ಮಾಸ್ತರರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬ್ಯಾಟರಿ ಹಿಡಿದರೆ ಕಣ್ಣು ಕುಕ್ಕುತ್ತದೆಂದು ಅದನ್ನೂ ಹಿಡಿಯುತ್ತಿರಲಿಲ್ಲ. ಕಂಬದಿಂದ ಕಂಬಕ್ಕೆ ಬೆಳಕು ನೋಡಿಕೊಂಡು ನಡೆಯುವುದೇ ಅವರ ರೂಢಿ.

ಬಸ್ ನಿಲ್ದಾಣದಿಂದ ಮಠದವರೆಗೆ ಇಪ್ಪತ್ತನಾಲ್ಕು ಕಂಬ. ಬಾವಿಯದು ಇಪ್ಪತ್ತೊಂದನೆಯದು. ಸರಿಸಂಖ್ಯೆಯ ದೀಪ ಆರಿಸಿದರೆ ಅದು ಉರಿಯುತ್ತಲೇ ಇರುತ್ತದೆ. ಆದರೆ ಎಣಿಕೆ ಎಲ್ಲಿಂದ ಶುರುವಾಗಬೇಕೆಂದು ಸರ್ಕಾರ ಹೇಳಿರಲಿಲ್ಲ. ಮಠದ ಕಡೆಯಿಂದ ಎಣಿಸಿದರೆ ಬಾವಿಯ ಕಂಬ ನಾಲ್ಕನೆಯದಾಗುತ್ತದೆ. ಎರಡನೆಯದೂ ಆರುತ್ತದೆ. ನಡುವಿನ ಮೂರನೆಯದರ ಬಲ್ಬು ದಸರಾದಲ್ಲೇ ಸುಟ್ಟುಹೋಗಿತ್ತು. ಹೊಸ ಬಲ್ಬು ಉಗ್ರಾಣದಲ್ಲಿಲ್ಲ ಎಂದು ಬರೆದರಾಯಿತು. ಮೂರು ಕಂಬಗಳ ಉದ್ದಕ್ಕೂ ಕತ್ತಲು. ಗಣಿತದಲ್ಲಿ ಫೇಲಾದವನು ಎಂದು ಯಾರಾದರೂ ಅಂದಾರೇ? ಪಂಢರೀನಾಥ ಒಬ್ಬನೇ ನಕ್ಕ.

ಚೇರ್ಮನ್ ಶಂಕ್ರಪ್ಪನವರದು ಎಣ್ಣೆ ಗಾಣದ ವ್ಯಾಪಾರ. ಕಾಗದವೆಂದರೆ ಅವರಿಗೆ ತಲೆನೋವು.

"ಬಸ್‌ಸ್ಟ್ಯಾಂಡಿನಿಂದ ಎಣಿಸಿದ್ರ ಮಠದ ಮುಂದಿನ ದೀಪ ಆರತದರಿ," ಎಂದ ಪಂಢರೀನಾಥ. "ಮಠದ ಸ್ವಾಮಿ ಅಜ್ಜಾರು ಏನಂದಾರು? ಮಠದಿಂದನ ಎಣಿಕಿ ಚಾಲೂ ಮಾಡಿದ್ರ ಅಲ್ಲಿ ದೀಪ ಉಳೀತದ."

"ಭಾಳ ಛಲೋ ವಿಚಾರ ಮಾಡೀರಿ ನೋಡ್ರಿ ರಾಯರ," ಎಂದು ಶಂಕ್ರಪ್ಪನವರು ಸಹಿ ಹಾಕಿದರು. ಹೀಗೆ ಆ ಕತ್ತಲು ಚೇರ್ಮನ್ನರ ಹೆಸರಿನಲ್ಲಿ ದಾಖಲಾಯಿತು.

ಬಲ್ಬು ಬಿಚ್ಚುವ ದುರ್ಗಪ್ಪ ಮಾತ್ರ ಏಣಿ ಹೊತ್ತುಕೊಂಡು ಒಂದು ಗಳಿಗೆ ನಿಂತ. "ರಾಯರ, ಇಪ್ಪತ್ತೊಂದನೇದರ ಬಾಜೂಕ ಬಾವಿ ಐತ್ರಿ. ಅದೊಂದ ಬಿಟ್ಟರ ಹ್ಯಾಂಗರಿ?"

"ಒಂದ ಬಿಟ್ಟರ ಮಂದಿ ಇನ್ನೊಂದ ಬಿಡ್ರಿ ಅಂತಾರ. ಹುಕುಂ ಅಂದ್ರ ಹುಕುಂ, ದುರ್ಗಪ್ಪಾ."

ಆದರೆ ದುರ್ಗಪ್ಪನ ಮಾತು ಅವನಿಗೆ ಉಪಯೋಗಕ್ಕೆ ಬಂತು. ಅಂದೇ ಮಧ್ಯಾಹ್ನ ಕುಳಿತು, ಸದರಿ ಬಾವಿಯಿಂದ ಸಾರ್ವಜನಿಕರಿಗೆ ಅಪಾಯವಾಗುವ ಸಂಭವವಿದ್ದು ಕೂಡಲೇ ಮುಳ್ಳುಬೇಲಿ ಹಾಕಿಸುವುದು ಅವಶ್ಯವೆಂದು ಒಂದು ಟಿಪ್ಪಣಿ ಬರೆದು ಚೇರ್ಮನ್ನರಿಗೆ ಮಂಡಿಸಿದ. ಶಂಕ್ರಪ್ಪನವರು ಅದನ್ನು ಮೂರು ವಾರವಾದರೂ ಓದುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ನಾಳೆ ವಿಚಾರಣೆ ಅಂತ ಬಂದರೆ, ಮೊದಲೇ ಎಚ್ಚರಿಸಿದ್ದವನು ತಾನು. ಬೇಲಿ ಹಾಕಿಸದವರು ಅವರು. ಹೆಣ ಮೇಲೆತ್ತುವ ಹೊತ್ತಿಗೆ ಊರಿನವರು ಹಲ್ಲು ಕಡಿಯುವುದು ಯಾರ ಮೇಲೆ ಎಂಬುದನ್ನೂ ಅವನು ಹೀಗೆ ನಿರ್ಧರಿಸಿಬಿಟ್ಟ.

ದೀಪ ಆರಿದ ಮರುದಿನವೇ ಕಚೇರಿಗೆ ಜನ ನುಗ್ಗಿದರು. ಬಜಾರಿನವರು ಕಳ್ಳರ ಭಯ ಎಂದರು. ಅಗಸಿಬಾಗಿಲ ಕಡೆಯವರು ನಾಯಿ ಕಚ್ಚುತ್ತವೆ ಎಂದರು. ಎಲ್ಲರಿಗೂ ಅವನು ಸುತ್ತೋಲೆ ತೋರಿಸಿ, ತಾನೂ ಕತ್ತಲಲ್ಲೇ ಮನೆಗೆ ಹೋಗುತ್ತೇನೆಂದು ಹೇಳಿ ಸಮಾಧಾನ ಮಾಡಿದ. ನೇಕಾರ ಓಣಿಯಿಂದ ಒಬ್ಬರೂ ಬರಲಿಲ್ಲ. ಮೂರು ಕಂಬ ಆರಿದ್ದು ಅವರಿಗೇ, ಅತಿ ಹೆಚ್ಚು ಕತ್ತಲು ಬಿದ್ದದ್ದು ಅವರ ಪಾಲಿಗೇ, ಆದರೂ ಒಂದು ಅರ್ಜಿಯಿಲ್ಲ. ಮಗ್ಗದ ಕುಣಿಯಲ್ಲಿ ಕೂತು ಕೂತು ಅವರಿಗೆ ಬೆಳಕು ಬೇಕೆನಿಸುವುದೂ ಮರೆತಿರಬೇಕು ಎಂದು ಪಂಢರೀನಾಥ ಅಂದುಕೊಂಡ. ಬಡವರ ಬಗ್ಗೆ ಅವನಿಗೆ ಇಂಥ ಸಿದ್ಧ ಅಭಿಪ್ರಾಯಗಳು ಬೇಕಾದಷ್ಟಿದ್ದವು. ಆ ಓಣಿಯ ಲಾಡಬಿ, ಕಚೇರಿಗೆ ನೀರು ತುಂಬುವವಳು, ಒಂದು ಬೆಳಿಗ್ಗೆ ಬಿಂದಿಗೆ ಇಳಿಸಿ, "ನಿಮಗ ಪುಣ್ಯಾ ಬರಲಿರಿ ರಾಯರ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೋದಳು. ಮೊಮ್ಮಗನ ಜನನ ದಾಖಲೆ ಮಾಡಿಕೊಟ್ಟದ್ದಕ್ಕೆ ಇರಬೇಕು ಎಂದುಕೊಂಡು ಅವನು ಫೈಲಿನಿಂದ ತಲೆ ಎತ್ತಲಿಲ್ಲ.

ದೀಪ ತೆಗೆಸುವ ಮೊದಲೇ ಒಂದು ಮಧ್ಯಾಹ್ನ ಜಾಗ ನೋಡುವ ನೆಪದಲ್ಲಿ ಅವನು ದಾರಿಯನ್ನು ಹೆಜ್ಜೆಯಲ್ಲಿ ಅಳೆದಿದ್ದ. ಕತ್ತಲಾದ ಮೇಲೂ ಒಮ್ಮೆ ಹೋಗಿ ನೋಡಿದ. ಏಳೂವರೆಗೆ ತನ್ನನ್ನು ಅಲ್ಲಿ ಯಾರೂ ನೋಡಿರಬಾರದೆಂದು ಊಟ ಮುಗಿಸಿ ಒಂಬತ್ತಕ್ಕೆ ಹೋದ. ನರಪಿಳ್ಳೆಯಿಲ್ಲ. ಇಪ್ಪತ್ತನೇ ಕಂಬದ ಬೆಳಕು ದಾಟಿದರೆ ತನ್ನ ಕೈ ತನಗೇ ಕಾಣದು. ಅಲ್ಲಿಂದ ಬಾವಿಯ ಬಾಯಿಗೆ ಅರವತ್ತೆರಡು ಹೆಜ್ಜೆ. ಅಲ್ಲಿಂದ ಹೊಲದ ಬದುವಿನ ಮೇಲೆ ಹಾಯ್ದರೆ ವಿಠ್ಠಲನ ಗುಡಿಗೆ ಹತ್ತು ನಿಮಿಷ. ಗುರುವಾರ ಎಂಟಕ್ಕೆ ಅಲ್ಲಿ ಭಜನೆ. ತಾಳ ಹಿಡಿದು ಮುಂದೆ ಕೂಡುವವನು ಪಂಢರೀನಾಥನೇ. ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಗೆ ಎರಡು ದಿನ ಮುಂಚಿನ ಗುರುವಾರ ಎಂದು ಅವನು ಗೊತ್ತುಮಾಡಿದ.

ಮಾಸ್ತರರು ಮಂಗಳವಾರ ಊರಿಗೆ ಬಂದರು. ಬುಧವಾರ ಕಚೇರಿಯ ಬಾಗಿಲಲ್ಲಿ ನಿಂತು ಅವನನ್ನು ನೋಡಿದರು. "ಸೋಮವಾರ ಮುಂಜಾನಿ ಬಸ್ಸಿಗೆ ವಿಜಾಪುರಕ್ಕ ಹೋಗಾಂವ ಅದೇನಿ," ಎಂದಷ್ಟೇ ಹೇಳಿ, ಅಮೀನಗಡದಲ್ಲಿ ಬಸ್ಸು ನಿಂತಾಗ ತಂದ ಕರದಂಟಿನ ಪೊಟ್ಟಣ ಅವನ ಮೇಜಿನ ಮೇಲಿಟ್ಟು ಹೋದರು. ಪಂಢರೀನಾಥ ಪೊಟ್ಟಣದ ದಾರ ಬಿಚ್ಚಲು ಕೈ ಹಾಕಿದ. ಆಮೇಲೆ ಅವನು ಮಗಳ ಮುಖ ನೆನೆಸಿಕೊಂಡ, ಖಾಲಿಯಾಗಲಿರುವ ಕುರ್ಚಿ ನೆನೆಸಿಕೊಂಡ, ಪೊಟ್ಟಣವನ್ನು ಸಿಪಾಯಿಯ ಕೈಗೆ ಕೊಟ್ಟ.

ಗುರುವಾರ ಏಳೂಕಾಲಿಗೆ ಅವನು ಇಪ್ಪತ್ತನೇ ಕಂಬ ದಾಟಿದ. ಕಾಲಿಗೆ ಚಪ್ಪಲಿಯಿಲ್ಲ, ಭಜನೆಗೆ ಬರಿಗಾಲಲ್ಲಿ ಹೋಗುವುದು ಎಲ್ಲರಿಗೂ ಗೊತ್ತಿದ್ದ ಅವನ ಪದ್ಧತಿ. ಬೆಳಕಿನಿಂದ ಬಂದವನಿಗೆ ಮುಂದೆ ಏನೂ ಕಾಣಲಿಲ್ಲ. ಅವನಿಗೆ ಅದೇ ಬೇಕಾಗಿತ್ತು. ಎಣಿಸಿದ ಹೆಜ್ಜೆಗಳನ್ನು ಎಣಿಸುತ್ತ ಹೋಗಿ ದಾರಿಯಂಚಿನಲ್ಲಿ ನಿಂತ. ಜೀರುಂಡೆಗಳು ಕೂಗುತ್ತಿದ್ದವು. ಎಲ್ಲೋ ಮಗ್ಗ ನಿಂತಿತು. ದೂರದಲ್ಲಿ ಮಠದ ದೀಪದ ಕೆಳಗೆ ಮಾಸ್ತರರ ಬಿಳಿ ಧೋತರ ಒಮ್ಮೆ ಕಂಡು, ಬೆಳಕು ದಾಟಿ ಮರೆಯಾಯಿತು. ಆಮೇಲೆ ಕೋಲಿನ ಸದ್ದು ಮಾತ್ರ ನಿಧಾನವಾಗಿ ಹತ್ತಿರ ಬಂತು.

"ಯಾರವರು?" ಮಾಸ್ತರರು ನಿಂತರು.

"ನಾ ಪಂಢರೀರಿ, ಮಾಸ್ತರ. ಭಜನಿಗೆ ಹೊಂಟಿದ್ದೆ. ಕತ್ತಲದ, ಕೈ ಹಿಡೀರಿ."

"ಛಲೋ ಆತು ನೀ ಬಂದದ್ದು. ಈ ದೀಪಾ ತಗದು ನನ್ನಂಥಾ ಕುರುಡರ ಹಾದಿ ತಪ್ಪಿಸೀರಿ ನೋಡು." ಮಾಸ್ತರರು ನಕ್ಕು ಅವನ ಮೊಣಕೈ ಹಿಡಿದರು. ಎರಡು ಹೆಜ್ಜೆ ನಡೆದು ಮತ್ತೆ ಕೇಳಿದರು. "ಏನ ವಿಚಾರ ಮಾಡಿದಿ ಪಂಢರಿ?"

ಸಾಯುವವನ ಮುಂದೆ ಸತ್ಯ ಹೇಳಿದರೆ ಖರ್ಚೇನೂ ಇಲ್ಲವೆಂದು ಅವನಿಗೆ ಅನಿಸಿತು. ಮುದುಕ ಸಮಾಧಾನದಿಂದಲೇ ಹೋಗಲಿ ಎಂಬ ಔದಾರ್ಯವೂ ಬಂತು.

"ಬರದಿಟ್ಟೀನ್ರಿ. ಮ್ಯಾಟ್ರಿಕ್ ಪಾಸ ಆಗಿಲ್ಲ, ಸರ್ಟಿಫಿಕೀಟ ಖೊಟ್ಟಿ ಮಾಡಿಸಿದ್ದು ಅಂತ ಎಲ್ಲಾ ಬರದೀನಿ. ನಾಳೆ ಕೊಡ್ತೇನಿ."

"ಖರೇನ?"

"ವಿಠ್ಠಲನ ಆಣಿರಿ."

ಮಾಸ್ತರರು ನಿಟ್ಟುಸಿರು ಬಿಟ್ಟರು. "ನನ್ನ ಜೀವಾ ಹಗುರಾತು ನೋಡೋ ತಮ್ಮಾ. ವಿಜಾಪುರಕ್ಕ ನಾನೂ ಸಂಗಾಟ ಬರ್ತೇನಿ. ಇಪ್ಪತ್ತೆರಡು ವರ್ಷ ಛಲೋ ಕೆಲಸಾ ಮಾಡ್ಯಾನ, ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ ಅಂತ ಸಾಹೇಬ್ರ ಕಾಲಾ ಹಿಡೀತೇನಿ."

ಇದು ಅವನ ಯೋಜನೆಯಲ್ಲಿ ಇರಲಿಲ್ಲ. ಅವನ ಕಾಲು ಒಂದು ಗಳಿಗೆ ತಡೆಯಿತು. ಆದರೆ ಯೋಜನೆ ತಲೆಯಲ್ಲಿ ಎಷ್ಟು ಸಲ ನಡೆದಿತ್ತೆಂದರೆ ಕಾಲುಗಳು ಮತ್ತೆ ತಾವಾಗಿಯೇ ಬಾವಿಯ ಕಡೆಗೆ ತಿರುಗಿದವು.

"ಈ ಕಡೆ ಬರ್ರಿ. ಅಲ್ಲಿ ಬಂಡಿಜಾಡು, ಕೆಸರದ."

"ಬಾವಿ ಈ ಕಡೆ ಐತೆಲ್ಲೋ?"

"ಇಲ್ರಿ, ಅದು ಇನ್ನೂ ಮುಂದದ."

ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಅವನು ನಿಂತ, ಮೊಣಕೈ ಬಿಡಿಸಿಕೊಂಡ, ಬೆನ್ನಿಗೆ ಎರಡೂ ಅಂಗೈ ಇಟ್ಟು ನೂಕಿದ. ಮಾಸ್ತರರು ಕೂಗಲಿಲ್ಲ. "ಪಂಢರಿ" ಎಂದರು, ತರಗತಿಯಲ್ಲಿ ಹಾಜರಿ ಕರೆದಷ್ಟೇ ದನಿಯಲ್ಲಿ. ಆಮೇಲೆ ಕೆಳಗೆ ನೀರು ಸದ್ದು ಮಾಡಿತು.

ಜೀರುಂಡೆಗಳ ಕೂಗು ನಿಂತಿತು. ಪಂಢರೀನಾಥ ಅಂಗೈಗಳನ್ನು ಧೋತರಕ್ಕೆ ಒರೆಸಿಕೊಂಡು ಬದುವಿನ ಕಡೆ ತಿರುಗಿದ. ಇನ್ನು ಹತ್ತು ನಿಮಿಷಕ್ಕೆ ತಾಳ ಕೈಯಲ್ಲಿರುತ್ತದೆ. ಬೆಳಿಗ್ಗೆ ಯಾರೋ ಓಡಿ ಬಂದು ಸುದ್ದಿ ಹೇಳುತ್ತಾರೆ. ಮರಣದ ರಿಜಿಸ್ಟರಿನಲ್ಲಿ ತಾನೇ ತನ್ನ ಅಂದವಾದ ಅಕ್ಷರದಲ್ಲಿ ಬರೆಯುತ್ತೇನೆ: ಕತ್ತಲಲ್ಲಿ ಕಾಲು ಜಾರಿ.

ಆಗ ಜಾಲಿಕಂಟಿಯ ಕಡೆ ಬಳೆಗಳ ಸದ್ದಾಯಿತು. ಒಂದು ಕೈಯ ಬಳೆಗಳಲ್ಲ. ಹಿತ್ತಾಳೆಯ ತಂಬಿಗೆಯೊಂದು ಕಲ್ಲಿಗೆ ತಾಗಿ ಉರುಳಿತು. ಬಯಲಿನ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಆಕೃತಿ ಎದ್ದು ನಿಂತಿತು, ಇನ್ನೂ ಒಂದು, ಇನ್ನೂ ನಾಲ್ಕು. "ಮಾಸ್ತರಿಗೆ ಜೀವ ಐತೆವಾ, ನೀರಾಗ ಕೆಮ್ಮಾಕತ್ಯಾರ! ಸೀರಿಗೆ ಸೀರಿ ಗಂಟ ಹಾಕ್ರೇ ಲಗೂನ!" ಎಂದು ಒಬ್ಬಳು ಚೀರಿದಳು. ಓಣಿಯ ಕಡೆ ಕೂಗುತ್ತ ಇಬ್ಬರು ಓಡಿದರು. ಅವನೂ ಓಡುತ್ತಿದ್ದನೇನೋ, ಆದರೆ ಬದುವಿನ ಮೇಲೆ ಅಡ್ಡಲಾಗಿ ಇನ್ನೂ ಮೂವರು ನಿಂತಿದ್ದರು. ಅವರ ನಡುವಿನಿಂದ, ದಿನಾ ಬೆಳಿಗ್ಗೆ ಕಚೇರಿಯಲ್ಲಿ ಕೇಳುವ ದನಿ ಬಂತು. ಲಾಡಬಿಯದು. "ಪಂಢರಿರಾಯರ, ಅಲ್ಲೇ ನಿಂದರ್ರಿ. ನೀವು ಮಾತಾಡಿದ್ದು ಎಲ್ಲಾ ಕೇಳೇವಿ."

ಹಿತ್ತಿಲಲ್ಲಿ ಪಾಯಖಾನೆಯಿದ್ದ ವಾಡೆಯಲ್ಲಿ ಹುಟ್ಟಿ, ಅಂಥದೇ ಮನೆಯಲ್ಲಿ ಸಂಸಾರ ಮಾಡಿದವನು ಪಂಢರೀನಾಥ. ಅದಿಲ್ಲದ ಮನೆಗಳ ಹೆಂಗಸರು ದಿನವಿಡೀ ತಡೆದುಕೊಂಡು ಕತ್ತಲಾಗುವುದನ್ನೇ ಕಾಯುತ್ತಾರೆ ಎಂಬುದು ಅವನ ಯಾವ ಕಡತದಲ್ಲೂ ಇರಲಿಲ್ಲ. ಮೂರು ವರ್ಷದ ಹಿಂದೆ ಬಾವಿಯ ಪಕ್ಕ ಅವನು ಕಂಬ ಹಾಕಿಸಿ ದೀಪ ಉರಿಸಿದ ದಿನದಿಂದ ನೇಕಾರ ಓಣಿಯ ಹೆಣ್ಣುಮಕ್ಕಳಿಗೆ ಆ ಬಯಲು ತಪ್ಪಿಹೋಗಿತ್ತು. ಹಾವು ಹರಿಯುವ ಹಳ್ಳದ ದಂಡೆಗೆ ಒಂದು ಮೈಲು ನಡೆಯುತ್ತಿದ್ದರು, ಬಸುರಿಯರೂ ಮುದುಕಿಯರೂ ಕೂಡ. ದೀಪ ಆರಿದ ಮೊದಲ ಸಂಜೆಯೇ ಅವರೆಲ್ಲ ತಂಬಿಗೆ ಹಿಡಿದು ವಾಪಸು ಬಂದಿದ್ದರು, ಆಮೇಲೆ ದಿನಾಲೂ ಬರುತ್ತಿದ್ದರು, ಏಳು ಗಂಟೆಗೆ ಬಂದು ಎಂಟರೊಳಗೆ ಎದ್ದು ಹೋಗುತ್ತಿದ್ದರು. ಆ ಗುರುವಾರ ಹದಿಮೂರು ಮಂದಿ ಇದ್ದರು. ಗಂಡಸರ ದನಿ ಕೇಳಿದ ಕೂಡಲೇ, ಅಂಥಲ್ಲಿ ಹೆಂಗಸರು ಹೇಗಿರುತ್ತಾರೋ ಹಾಗೆ, ಒಬ್ಬರೂ ಉಸಿರೆತ್ತದೆ ಕೂತಿದ್ದರು.